ಒಳಗೆಳೆದ ಧೂಪ

ಪ್ಲಗ್ ಕಿತ್ತ ಕೂಡಲೇ ವ್ಯಾನಿನ ಇಂಜಿನ್ ಕೆಮ್ಮುವುದನ್ನು ಬಿಟ್ಟು ಒಂದೇ ಸಮನೆ ಗುಯ್‌ಗುಡತೊಡಗಿತು. ಮೆಕ್ಯಾನಿಕ್ ಶಾಂತರಾಜು ಪ್ಲಗ್ಗನ್ನು ಮತ್ತೆ ಸಿಕ್ಕಿಸಿದ. ಇಂಜಿನ್ ನಡುಗಿ, ನಿಂತೇಹೋಯಿತು.

"ಸಿಕ್ದ ಕಣಣ್ಣ ಕಳ್ಳ," ಎಂದ ಅವನು. "ಏರ್ ಫ್ಲೋ ಸೆನ್ಸರ್ರು. ಒಳಕ್ಕ ಎಷ್ಟು ಗಾಳಿ ಓಯ್ತದ ಅಂತ ಇಂಜಿನ್ಗ ಹೇಳೋದೇ ಇದರ ಕೆಲ್ಸ. ಈಗ ಸುಳ್ಳು ಹೇಳ್ತಾ ಅದ. ಬಾಯಿ ಮುಚ್ಚುಸ್ದ ತಕ್ಷಣ ಇಂಜಿನ್ನು ತನ್ನ ಅಂದಾಜ್ನಲ್ಲೇ ಓಡ್ಕತದ."

"ಹಂಗಾರೆ ಕಿತ್ತಾಕ್ಬುಡ್ಲಾ ಅದ," ಎಂದ ಗುರುಮಲ್ಲಯ್ಯ. ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಶಾಲೆ ಮಕ್ಕಳನ್ನು ಕರೆತರುವ ವ್ಯಾನು ಅವನದು. ತಿಂಗಳಿಂದ ನಡುದಾರಿಯಲ್ಲಿ ನಿಂತು ನಿಂತು ಅವನನ್ನು ಹಣ್ಣು ಮಾಡಿತ್ತು.

"ಕಿತ್ತಾಕಿ ಎಷ್ಟ್ ದಿನ ಓಡ್ಸಿಯಣ್ಣ? ಡೀಸಲ್ ಕುಡುದು ಹೊಗೆ ಉಗುಳ್ತದ. ತಡಿ, ತೊಳ್ದು ನೋಡನ."

ಶಾಂತರಾಜು ಗಾಳಿಯ ರಬ್ಬರ್ ಪೈಪನ್ನು ಬಿಚ್ಚಿ ಹೊರಗಿನ ಬೆಂಚಿನ ತುದಿಗಿಟ್ಟು ಬಂದು, ಸೆನ್ಸರನ್ನು ಬೆಳಕಿಗೆ ಹಿಡಿದ. ಕೂದಲಿಗಿಂತ ತೆಳ್ಳನೆಯ ತಂತಿ. ಅದರ ಮೇಲೆ ಕಂದು ಅಂಟು. ಮೂಗಿನ ಹತ್ತಿರ ತಂದವನು ಹುಬ್ಬು ಗಂಟಿಕ್ಕಿದ. "ಅಣ್ಣಾ, ಇದು ಸಾಂಬ್ರಾಣಿ ವಾಸ್ನೆ!"

ಗುರುಮಲ್ಲಯ್ಯನಿಗೆ ಹೊಳೆಯಿತು. ಪ್ರತಿ ಸೋಮವಾರ ಬೆಳಿಗ್ಗೆ ಅವನ ಹೆಂಡತಿ ಮರಿತಾಯಮ್ಮ ಬಾನೆಟ್ ಎತ್ತಿಸಿ, ಇಂಜಿನ್ ಹಾಕಿಸಿ, ಬೆಟ್ಟದ ಮಾದಪ್ಪನ ಹೆಸರಲ್ಲಿ ಧೂಪ ಹಾಕುತ್ತಿದ್ದಳು. ಹಿಡಿಯುತ್ತಿದ್ದದ್ದು ವ್ಯಾನಿನ ಮೂಗಿಗೇ, ಗಾಳಿ ಎಳೆಯುವ ಬಾಯಿಗೇ. ಹೊಗೆ ಒಳಗೆ ಸರಿದಾಗ "ನೋಡಿ, ಎಂಗ್ ಎಳ್ಕತಾ ಅವ್ನ!" ಎಂದು ಮುಖ ಅರಳಿಸುತ್ತಿದ್ದಳು. ಗಾಳಿ ಸೋಸುವ ಫಿಲ್ಟರ್ ಡಬ್ಬಿಯ ಮುರಿದ ಕ್ಲಿಪ್ಪಿಗೆ ಹುರಿ ಕಟ್ಟಿ ಸಂದು ಬಿಟ್ಟವನು ತಾನೇ. ವ್ಯಾನ್ ನಿಲ್ಲತೊಡಗಿದ ಮೇಲೆ ಅವಳು ಶುಕ್ರವಾರವೂ ಧೂಪ ಹಿಡಿದಳು, ಸಾಂಬ್ರಾಣಿಯ ಗಟ್ಟಿಯೂ ದೊಡ್ಡದಾಯಿತು. ವ್ಯಾನ್ ಇನ್ನೂ ಹೆಚ್ಚು ನಿಂತಿತು. ಮಾದಪ್ಪ ತನ್ನ ಕೈ ಧೂಪ ಒಲ್ಲೆ ಅಂದವ್ನೆ ಎಂದು ಅನ್ನ ಬಿಟ್ಟು, ನಿನ್ನೆಯಿಂದ ಬರೀ ನೀರು ಕುಡಿದುಕೊಂಡು, ಈಗ ಆ ಬೆಂಚಿನ ಮೇಲೆ ಬಾಡಿದ ಎಲೆಯಂತೆ ಕೂತಿದ್ದಾಳೆ.

"ಅವಳ್ಗ ಹೇಳ್ಬ್ಯಾಡ ಕಣ್ಲಾ ಶಾಂತರಾಜು," ಎಂದು ಪಿಸುಗುಟ್ಟಿದ. "ಧೂಪ ಒಪ್ನಿಲ್ಲ ಅಂತ ಅನ್ನ ಬುಟ್ಟವ್ಳ. ಧೂಪ್ವೇ ಕೆಡುಸ್ತು ಅಂದ್ರ ನೀರೂ ಬುಟ್ಬುಟ್ಟಾಳು."

ಶಾಂತರಾಜು ಬೆರಳು ತಾಕಿಸದೆ ದೂರದಿಂದಲೇ ಸ್ಪ್ರೇ ಹೊಡೆದ. ಕಂದು ನೀರು ತೊಟ್ಟಿಕ್ಕಿತು. ಸೆನ್ಸರನ್ನು ಒಣಗಲು ಇಟ್ಟು ಹೊಸ ಕ್ಲಿಪ್ ಹುಡುಕಹೋದ.

ಗುರುಮಲ್ಲಯ್ಯ ಹೊರಗೆ ಬಂದ. ಮರಿತಾಯಮ್ಮ ಆ ರಬ್ಬರ್ ಪೈಪನ್ನು ಮಡಿಲಿಗೆ ಎತ್ತಿಕೊಂಡು, ಮಗುವಿನ ಮುಖ ಒರೆಸುವಂತೆ ಸೆರಗಿನಿಂದ ಒರೆಸುತ್ತಿದ್ದಳು.

"ಏನಂತ?"

"ದೂಳಂತ ಕಣಮ್ಮಿ. ರೋಡ್ ದೂಳು. ಮಾದಪ್ಪನ ಸಿಟ್ಟೂ ಇಲ್ಲ, ಏನೂ ಇಲ್ಲ."

ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಸರಿ ಬುಡಿ," ಎಂದಳು.

ಎಲ್ಲ ಮತ್ತೆ ಜೋಡಿಸಿದ ಮೇಲೆ ವ್ಯಾನ್ ಬೆಣ್ಣೆಯಂತೆ ಓಡಿತು. ಊರು ದಾಟುವ ಮುನ್ನ ಅವಳೇ, "ಆ ಓಟ್ಲತ್ರ ನಿಲ್ಸಿ, ಹೊಟ್ಟ ಅಸೀತಾ ಅದ," ಎಂದಳು. ಇಡ್ಲಿ ತಿಂದು ಮುಗಿಸಿ, ವಡೆಯನ್ನೂ ಕೇಳಿ ಹಾಕಿಸಿಕೊಂಡಳು. ತನ್ನ ಸುಳ್ಳು ಇಷ್ಟು ಚೆನ್ನಾಗಿ ಫಲಿಸಿದ್ದಕ್ಕೆ ಗುರುಮಲ್ಲಯ್ಯ ಮಾದಪ್ಪನಿಗೇ ಮನಸ್ಸಿನಲ್ಲಿ ಕೈ ಮುಗಿದ.

ಸೋಮವಾರ ಬಂತು. ಅವಳು ಕೆಂಡ ತರುವಷ್ಟರಲ್ಲಿ ಅವನು ಬಾನೆಟ್ ಎತ್ತಿ, ತನ್ನ ಟವೆಲ್ಲನ್ನು ಒದ್ದೆ ಮಾಡಿ, ವ್ಯಾನಿನ ಗಾಳಿ ಬಾಯಿಗೆ ತುರುಕಿ, ಏನೂ ಅರಿಯದವನಂತೆ ಪಕ್ಕದಲ್ಲಿ ನಿಂತ.

"ಇಂಜಿನ್ ಆಕಿ," ಎಂದಳು ಮರಿತಾಯಮ್ಮ.

"ಇಂಜಿನ್ ನಿಲ್ಸೇ ಪೂಜ ಮಾಡ್ಬೇಕಂತ. ಶಾಂತರಾಜು ಹೇಳ್ದ."

"ಪೂಜ ಎಂಗ್ ಮಾಡ್ಬೇಕು ಅನ್ನಕ್ಕ ಅವ್ನು ಯಾವಾಗ ಬೆಟ್ಟದ ತಮ್ಮಡಿ ಆದ?"

ಅಷ್ಟರಲ್ಲಿ ಟವೆಲ್ಲಿನ ಅಂಚಿನಿಂದ ನೀರು ತೊಟತೊಟನೆ ಬಿತ್ತು. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು.

"ಆ ಪೈಪ ನಾನೂ ಮೂಸ್ದಿ ಕಣಿ ಅವತ್ತು. ನಾ ಹಾಕಿದ ಧೂಪದ ವಾಸ್ನೆ ನಂಗ ಗೊತ್ತಾಗಕಿಲ್ವಾ? ನೀವೇ ಬಾಯ್ಬುಟ್ಟು ಹೇಳೀರೇನೋ ಅಂತ ಕಾಯ್ತಿದ್ದಿ."

ಅವನು ತಲೆ ತಗ್ಗಿಸಿದ. "ನೊಂದ್ಕತಿಯೇನೋ ಅಂತ..."

"ನಾ ಯಾಕ್ ನೊಂದ್ಕಳ್ಳಿ? ಮಾದಪ್ಪ ಒಪ್ನಿಲ್ಲ ಅಂತ ನಾ ಅಂದ್ಕಂಡಿದ್ದಿ. ನೋಡುದ್ರ, ಒಂಚೂರೂ ಬುಡ್ದೆ ಎಲ್ಲಾನೂ ಒಳಗೇ ಮಡಿಕಂಡಿದ್ದ." ಅವಳು ಕೆಂಡ ಊದಿದಳು. "ಅದ್ಕೇ ಅವತ್ತು ಹೊಟ್ಟ ತುಂಬ ತಿಂದಿ."

ಗುರುಮಲ್ಲಯ್ಯ ಬಾನೆಟ್ಟನ್ನು ಮೆಲ್ಲಗೆ ಇಳಿಸಿದ. ಕೆಂಡದ ಮೇಲೆ ಸಾಂಬ್ರಾಣಿ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಲೇ ಇತ್ತು. ಮರಿತಾಯಮ್ಮ ಅತ್ತಿತ್ತ ನೋಡಿ, ಧೂಪವನ್ನು ಗಂಡನ ಮುಖದ ಹತ್ತಿರ ತಂದಳು.

"ಈ ಮೂಗ್ನೊಳಗ ಕೆಟ್ಟೋಗ ತಂತಿಗಿಂತಿ ಏನೂ ಇಲ್ವಲ್ಲ?"

ಅವನು ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡ.