ತಾತನ ಬಾಯಲ್ಲಿ ಸ್ಕ್ರೂ

“ಹುಡುಗಿ ಹೊಲಿಗೆ ಮೆಷಿನ್ನು ಇಲ್ಲೇ ಬುಟ್ಟು ಬರಬೇಕು. ಏನಂತೀರಾ ಯಜಮಾನ್ರೇ?” ಎಂದು ಗಂಡಿನ ಅಪ್ಪ ರಂಗರಾಜು ಕೇಳುವುದಕ್ಕೂ ದೊಡ್ಡೇರಿಯ ಮೇಲೆ ಗುಡುಗು ಉರುಳುವುದಕ್ಕೂ ಸರಿಹೋಯಿತು. “ಅದಕ್ಕೇನಂತೆ” ಎನ್ನಲು ಬಾಯಿ ತೆರೆದಿದ್ದ ಹುಡುಗಿಯ ತಾತ ಕದಿರಯ್ಯ ಗಪ್ಪನೆ ಮುಚ್ಚಿಕೊಂಡ.

ಅಡುಗೆಮನೆ ಬಾಗಿಲ ಸಂದಿಯಲ್ಲಿ ಹೋದ ಜೀವ ಬಂದಂತಾಗಿ ಮೊಮ್ಮಗಳು ಸಹನಾ ಉಸಿರು ಬಿಟ್ಟಳು. ಗಂಡು ಅಂಬರೀಶ ಅವಳಿಗೆ ಹಿಡಿಸಿದ್ದ. ಆದರೆ ಊರವರ ಬಟ್ಟೆ ಹೊಲಿದು ನಾಲ್ಕು ಕಾಸು ಕಾಣುತ್ತಿದ್ದವಳಿಗೆ ಮೆಷಿನ್ನು ಬಿಡುವುದೆಂದರೆ ಕೈ ಕತ್ತರಿಸಿಕೊಂಡಂತೆ. ತಾತನೋ, ಎದುರು ಕೂತವರು ಏನೆಂದರೂ ಹೂಂ ಅನ್ನುವವನು.

ಹೋದ ವಾರ ಮಧುಗಿರಿಯ ಡಾಕ್ಟರು ಅವನ ಬಿದ್ದುಹೋದ ಹಲ್ಲಿನ ಜಾಗದಲ್ಲಿ ದವಡೆ ಮೂಳೆಗೇ ಸ್ಕ್ರೂ ಕೂರಿಸಿದ್ದರು. ಮೂಳೆ ಅದನ್ನು ಬಿಗಿಯಾಗಿ ಹಿಡಿದುಕೊಳ್ಳಲಿ, ಮೂರ್ನಾಲ್ಕು ತಿಂಗಳಾದ ಮೇಲೆ ಅದರ ಮೇಲೆ ಹೊಸ ಹಲ್ಲು ಕಟ್ಟೋಣ ಎಂದಿದ್ದರು. ಪಕ್ಕದ ಮನೆ ತಿಪ್ಪೇಶ ಸುಮ್ಮನಿರಬೇಕಲ್ಲ! “ಲೋಹ ಕಣ್ ತಾತ. ಗುಡುಗೋವಾಗ ಬಾಯ್ ತಗುದ್ರೆ ಸಿಡ್ಲು ಸೀದಾ ಒಳಕ್ಕೇ!” ಅಂದಿದ್ದ. ಅದಕ್ಕೂ ತಾತ ಹೂಂ ಅಂದಿದ್ದ.

“ಮಾತಾಡಿ ಯಜಮಾನ್ರೇ.”

ತಾತ ತುಟಿ ಬಿಗಿದು, ಹುಬ್ಬು ಗಂಟಿಕ್ಕಿ, ಮಾಡಿನ ಹೆಂಚನ್ನೇ ದಿಟ್ಟಿಸಿದ. ರಂಗರಾಜುವಿಗೆ ಅಳುಕಾಯಿತು. “ಕ್ವಾಪ ಮಾಡ್ಕಬ್ಯಾಡಿ. ಮೆಷಿನ್ನು ತರ್ಲಿ. ಮನೆಯವ್ರ ಬಟ್ಟೆ ಹೊಲೀಲಿ.”

ಮತ್ತೆ ಗುಡುಗಿತು. ತಾತ ಟವೆಲ್ಲನ್ನೂ ಬಾಯಿಗೆ ಒತ್ತಿಕೊಂಡ.

“ಆಯ್ತು, ನೆಂಟ್ರುದ್ದೂ ಹೊಲೀಲಿ!”

ಮೋಡ ಸಿರಾ ಕಡೆ ಸರಿಯಿತು. ತಾತ ಟವೆಲ್ಲು ತೆಗೆದು ಹಲ್ಲು ಬಿದ್ದ ಸಂದಿ ಕಾಣುವಂತೆ ನಕ್ಕ. “ಅಷ್ಟು ಸಾಕು ಬುಡಿ—”

ಸಹನಾ ಹಿಂದೆಮುಂದೆ ನೋಡಲಿಲ್ಲ. ಮೂಲೆಯಲ್ಲಿದ್ದ ರಾಗಿಯ ಖಾಲಿ ತಗಡಿನ ಡ್ರಮ್ಮನ್ನು ಉರುಳಿಸಿ ಒದ್ದಳು. ಗಡಗಡಗಡ! ತಾತನ ಬಾಯಿ ಟಪ್ಪನೆ ಮುಚ್ಚಿತು. ಡ್ರಮ್ಮು ಮಾತ್ರ ನಿಲ್ಲದೆ ಹೊಸ್ತಿಲಿಲ್ಲದ ಬಾಗಿಲು ದಾಟಿ, ಅಪ್ಪನ ಪಕ್ಕದ ಕುರ್ಚಿಯಲ್ಲಿದ್ದ ಅಂಬರೀಶನ ಕಾಲಿಗೆ ಹೋಗಿ ತಾಗಿತು.

ಅವನು ಡ್ರಮ್ಮು ನೋಡಿದ. ತಾತನ ಬಾಯಿ ನೋಡಿದ. ಬಾಗಿಲಲ್ಲಿ ನಾಲಿಗೆ ಕಚ್ಚಿಕೊಂಡು ನಿಂತಿದ್ದವಳನ್ನು ನೋಡಿದ.

ರಂಗರಾಜುವಿನ ಕಣ್ಣು ತಾತನ ಮುಖ ಬಿಟ್ಟು ಕದಲಿರಲಿಲ್ಲ. “ಅಂಗಡೀನೇ ಹಾಕ್ಕೊಡಿ ಅಂತೀರಾ? ಅದ್ಯಾಕೋ ಜಾಸ್ತಿ ಆಯ್ತು ಯಜಮಾನ್ರೇ...”

ತಾತ ಹೂಂ ಅನ್ನಲು ತುಟಿ ಬಿಚ್ಚುತ್ತಿದ್ದ. ಅಂಬರೀಶ ಕತ್ತು ಬಗ್ಗಿಸಿಕೊಂಡೇ, ಒಂದೇ ಕಾಲಲ್ಲಿ ಡ್ರಮ್ಮನ್ನು ಜೋರಾಗಿ ಅಡುಗೆಮನೆಗೆ ವಾಪಸು ಉರುಳಿಸಿದ.