ಹುಲಿಯಮ್ಮ ಕಳಿಸಿದ ನೀರು

"ನಿಮ್ಮ ಬಾವಿ ನೀರಲ್ಲಿ ದೋಷ ಇಲ್ಲ ಹುಲಿಯಮ್ಮೋರೇ," ಎನ್ನುತ್ತ ನೀರಿನ ಪರೀಕ್ಷಕ ಸದಾನಂದ ಕಾಗದದ ಸುರುಳಿಯನ್ನು ಜಗಲಿಯ ಮೇಲೆ ಬಿಡಿಸಿದ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯಲು ಲ್ಯಾಬಿಗೆ ಹೊಸದಾಗಿ ಬಂದ ಅಯಾನ್ ಕ್ರೊಮ್ಯಾಟೋಗ್ರಫಿ ಯಂತ್ರ ಗೀಚಿದ ಗೆರೆ ಅದರಲ್ಲಿತ್ತು. ಪಕ್ಕದ ಚರ್ಮ ಹದಮಾಡುವ ಕಾರ್ಖಾನೆಯ ಉಪ್ಪು ಬಾವಿಗೆ ಇಳಿದಿದ್ದರೆ ಗೆರೆ ಗುಡ್ಡದಂತೆ ಏಳಬೇಕಿತ್ತು, ಎದ್ದಿರಲಿಲ್ಲ. ಅದನ್ನು ನಂಬಿ, ಕಾರ್ಖಾನೆ ನಡೆಯಲಿ ಎಂದು ಅವನು ನಿನ್ನೆಯೇ ಸಹಿ ಹಾಕಿದ್ದ.

ಹುಲಿಯಮ್ಮನ ಮುಖ ಅರಳಿತು. "ದೋಷ ಎಲ್ಲಿಂದ ಬರ್ಬೇಕು? ನೀವು ಕೊಟ್ಟ ಬಾಟ್ಲಿಗೆ ಗುಡ್ಡ ಹತ್ತಿ, ಮೇಲಿಂದ ಬೀಳೋ ಅಬ್ಬಿ ನೀರು ತುಂಬ್ಸಿ ಕಳ್ಸಿದ್ದೆ ಕಣ್ರೀ. ಬಾವೀದು ಗಬ್ಬು ನಾತ. ಅಂಥದ್ನ ಇನ್ನೊಬ್ರ ಮನೆಗೆ ಕಳ್ಸಾಕೆ ಆಗ್ತದಾ?"

ಸದಾನಂದ ಕಾಗದವನ್ನು ಮತ್ತೆ ಸುತ್ತಿದ. ನೀರಿನ ಮಾದರಿಗೆಂದು ಬಂದ ದಿನ ತೀರ್ಥಹಳ್ಳಿ ಬಸ್ಸು ತಪ್ಪೀತೆಂದು ಬಾಟಲಿಯನ್ನು ಅವಳ ಕೈಗೇ ಕೊಟ್ಟು ಓಡಿದ್ದ. ಬಾವಿಕಟ್ಟೆಯ ಹತ್ತಿರ ತಾನು ಹೋಗಿರಲೇ ಇಲ್ಲ.

ಅಷ್ಟರಲ್ಲಿ ಅವಳು ಬೆಲ್ಲದ ಚೂರಿನ ಜೊತೆ ಒಂದು ಚೊಂಬು ನೀರು ತಂದು ಅವನ ಮುಂದಿಟ್ಟಳು. "ಹೆದರ್ಬೇಡಿ, ಕುಡೀರಿ. ಇದೂ ಅಬ್ಬೀದೆ."

"ಮತ್ತೆ ನೀವೆಲ್ಲ?"

"ಅಷ್ಟು ದೂರದಿಂದ ದಿನಾ ಹೊರಾಕೆ ಆಗ್ತದಾ?" ಹುಲಿಯಮ್ಮ ನಕ್ಕಳು. "ಮನೆಯೋರಿಗೆಲ್ಲ ಬಾವೀದೆ."