ಶುಕ್ರವಾರದ ಕಾವಲು

ದೀಪಾವಳಿ ಕಳೆದು ರಾಗಿ ತೆನೆ ಬಾಗಿದ್ದ ಕಾಲ, ಕೋಳಿ ಕೂಗುವ ಹೊತ್ತು. ಮುನಿಶಾಮಯ್ಯನಿಗೆ ಎಚ್ಚರವಾದದ್ದು ಮಾತ್ರ ಕೋಳಿಯಿಂದಲ್ಲ. ಅಡಿಗೆಮನೆಯಲ್ಲಿ ಯಾರೋ "ಇಗೊ ಒಲ್ಮಾಯೆಯೊ" ಅಂದರು. ಇನ್ನೊಂದು ದನಿ ಅದನ್ನೇ ತಿರುಗಿ ಹೇಳಿತು.

ಎದ್ದು ಹೋಗಿ ನೋಡಿದ. ಹೆಂಡತಿ ಶಿವಲಿಂಗಮ್ಮ ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಮಗಳು ರಮ್ಯಾ ಗೋಡೆಗೆ ಒರಗಿ ಪುಸ್ತಕ ಹಿಡಿದಿದ್ದಳು. ಪಕ್ಕದಲ್ಲಿ ಸಿ.ಡಿ. ಹಾಕುವ ಪೆಟ್ಟಿಗೆ.

"ಏನವ್ವ ಅದು?"

"ಕೊರಿಯಾ ಮಾತಪ್ಪ. ಪುಸ್ತಕ ನೋಡ್ಕಂಡು ಮನೇಲೇ ಕಲಿಯೋದು. ಅಲ್ಲೂ ಯಾರಾದ್ರೂ ಎದುರು ಸಿಕ್ಕಿದ್ರೆ ಊಟ ಆಯ್ತಾ ಅಂತಲೇ ಕೇಳ್ತಾರಂತೆ."

"ಹಂಗಾದ್ರೆ ನಮ್ಮೋರೇ ಬುಡು," ಅಂದಳು ಶಿವಲಿಂಗಮ್ಮ, ರೊಟ್ಟಿ ಮಗುಚುತ್ತ.

ಹೇಳಿಕೊಡುವುದು ಪೆಟ್ಟಿಗೆ, ತಿರುಗಿ ಹೇಳುವುದು ಮಗಳು. ಇನ್ನು ಕೇಳುವುದಕ್ಕೆ ಏನೂ ಇಲ್ಲವೆಂದುಕೊಂಡು ಅವನು ಮುಖ ತೊಳೆಯಲು ಹೋದ.

ಮರಳವಾಡಿಯಿಂದ ಹಾರೋಹಳ್ಳಿ ಕಡೆ ಹೋಗುವ ದಾರಿಯಲ್ಲಿ ಆಗಲೇ ಹೊಲಕ್ಕಿಂತ ಶೆಡ್ಡುಗಳೇ ಹೆಚ್ಚಾಗಿದ್ದವು. ಅದರಲ್ಲೊಂದು ಕೊರಿಯಾದವರ ಕಾರ್ಖಾನೆ. ರಮ್ಯಾ ಅಲ್ಲಿ ಆಫೀಸಿಗೆ ಹೋಗುತ್ತಿದ್ದಳು, ಶಿವಲಿಂಗಮ್ಮ ಕ್ಯಾಂಟೀನಿಗೆ. ಹೆಂಡತಿ ಕೆಲಸಕ್ಕೆ ಸೇರಿದ ದಿನ ಮುನಿಶಾಮಯ್ಯ ಮಾಡಿದ ರಂಪ ಊರಿಗೇ ಗೊತ್ತು. ಊಟ ಬೇಡವೆಂದು ಮೂಲೆ ಹಿಡಿದು ಕೂತಿದ್ದ. ಅವಳು ಕೆಲಸ ಮುಗಿಸಿ ಬಂದು ಬಿಸಿ ಮುದ್ದೆ ಇಕ್ಕಿದ ಮೇಲೆ ಉಂಡ.

ಮಗಳ ವಿಷಯ ಹಾಗಲ್ಲ. ಇರುವವಳು ಅವಳೊಬ್ಬಳೇ. ಹಬ್ಬಕ್ಕೆ ಮನೆಗೆ ಬಂದಿದ್ದ ಪಾರ್ಕ್ ಎಂಬ ಕೊರಿಯಾದ ಇಂಜಿನಿಯರು ನೀರಿನ ಲೋಟವನ್ನು ಎರಡೂ ಕೈಯಲ್ಲಿ ಈಸಿಕೊಂಡು, ಮುದ್ದೆ ನುಂಗಿ, ಎಲೆಯ ಮುಂದೆಯೇ ತಲೆ ಬಗ್ಗಿಸಿ ನಕ್ಕಿದ್ದ. ಪಕ್ಕದಲ್ಲಿ ರಮ್ಯಾ ನಿಂತಿದ್ದಳು. ಮದುವೆಯಾಗದ ಗಂಡು. ಮುನಿಶಾಮಯ್ಯ ಅದನ್ನು ಮರೆತಿರಲಿಲ್ಲ.

ಆಮೇಲೆ ಒಂದೊಂದೇ ಶುರುವಾಯಿತು. ಉಪ್ಪಿನಕಾಯಿ ಜಾಡಿಯಲ್ಲಿ ಎಲೆಕೋಸು ಬಂದು ಕೂತಿತು. ಖಾರ ಹಚ್ಚಿ ಹುಳಿ ಬರಿಸಿದ್ದು, ಮುಚ್ಚಳ ತೆಗೆದರೆ ಹಸು ಕೂಡ ಮುಖ ತಿರುಗಿಸಬೇಕು. ಕಾಫಿ ಲೋಟ ಕುಕ್ಕಿ ಹೋಗುತ್ತಿದ್ದ ಶಿವಲಿಂಗಮ್ಮ ಎರಡೂ ಕೈಯಲ್ಲಿ ಹಿಡಿದು ಕೊಡತೊಡಗಿದಳು. ಮಗಳ ಗಾಳಿ ತಾಯಿಗೂ ಬಡಿಯಿತು ಎಂದುಕೊಂಡ.

ಕಾರ್ಖಾನೆಯವರು ಕಳೆದ ಸಲ ಕೊರಿಯಾಕ್ಕೆ ತರಬೇತಿಗೆ ಕಳಿಸಿದ್ದ ಹುಡುಗರಲ್ಲಿ ದೀಪು ಒಬ್ಬ. ಮೂರು ತಿಂಗಳಿಗೆ ಕಡ್ಡಿಯಾಗಿ ಬಂದಿದ್ದ. ಮುನಿಶಾಮಯ್ಯ ಅವನನ್ನು ಟೀ ಅಂಗಡಿಯಲ್ಲಿ ಹಿಡಿದ.

"ಒಲ್ಮಾಯೆಯೊ ಅಂದ್ರೇನ್ಲಾ?"

"ಎಷ್ಟು ಅಂತ ಕಣ್ ಮಾವ. ಸಂತೇಲಿ ಕೇಳೋದು. ಕೇಳಿ ಏನು ಬಂತು, ತಗಂಡಿದ್ದು ಒಂದೂ ಬಾಯಿಗೆ ಸೇರ್ನಿಲ್ಲ. ಒಬ್ಬ ಅತ್ಕಂಡು ಅರ್ಧಕ್ಕೇ ಬಂದ್ಬುಟ್ಟ. ಈ ಸಲದೋರು ಮುದ್ದೆ ಇಲ್ದೆ ಹೊರಡಕ್ಕಿಲ್ಲ ಅಂತ ಸಾಹೇಬ್ರಿಗೇ ಹೇಳವ್ರೆ."

"ಮುದ್ದೆ ಏನ್ಲಾ, ಇಮಾನ ಹತ್ತಿ ಬತ್ತದಾ?"

ಹಾಗಂದು ನಗತೊಡಗಿದ ಮುನಿಶಾಮಯ್ಯನ ನಗು ಅರ್ಧಕ್ಕೇ ನಿಂತಿತು. ಸಂತೆ ಮಾಡುವ ಮಾತು ಕಲಿಯುವವಳು ಅಲ್ಲಿ ಸಂಸಾರ ಹೂಡಲು ಹೊರಟವಳೇ ಇರಬೇಕು.

ಸಂಕ್ರಾಂತಿ ಮುಗಿದ ವಾರ ರಮ್ಯಾ ಕನಕಪುರದಿಂದ ದಪ್ಪ ಸ್ವೆಟರ್ ತಂದಳು. ಮುನಿಶಾಮಯ್ಯ ಅದನ್ನು ಬಿಡಿಸಿ ಹಿಡಿದು ನೋಡಿದ.

"ಜೋಲಾಡ್ತದಲ್ಲವ್ವ ಇದು."

"ಸರಿಯಾಗೇ ಐತಪ್ಪ."

"ಕೊರಿಯಾಕ್ಕೆ ಹೋಗ್ತೀಯಾ?"

"ನಾನಾ? ನಾನೆಲ್ಲೂ ಹೋಗಕ್ಕಿಲ್ಲ."

ಹೋಗುವವರು ಹೀಗೇ ಹೇಳುವುದು. ಮತ್ತೆ ದೀಪುವನ್ನು ಹಿಡಿದ. ಈ ಸಲದವರ ವಿಮಾನ ಶುಕ್ರವಾರ ಬೆಳಗಿನ ಜಾವ ಎಂದು ತಿಳಿಯಿತು. ಮುನಿಶಾಮಯ್ಯನಿಗೆ ಆನೆಬಲ ಬಂತು. ನೇರ ಅಡಿಗೆಮನೆಗೆ ಬಂದ.

"ನೋಡು, ಶುಕ್ರವಾರ ಮನೆ ಹೆಣ್ಣನ್ನ ದೂರದೂರಿಗೆ ಕಳ್ಸೋ ಪದ್ಧತಿ ನಮ್ಮಲ್ಲಿಲ್ಲ. ಡ್ಯೂಟಿ ಬೇರೆ, ಹೋದೋರು ಸಂಜೆಗೆ ಬತ್ತಾರೆ. ಊರು ಬುಡೋದು ಅಂದ್ರೆ ಲಕ್ಷ್ಮಿನೇ ಎದ್ದೋದಂಗೆ."

ಶಿವಲಿಂಗಮ್ಮ ಮುದ್ದೆಕೋಲು ನಿಲ್ಲಿಸಿದಳು.

"ಗುರುವಾರ ಹೊರಟ್ರೆ?"

"ಗುರುವಾರ ಯಾರ್ ಬೇಕಾದ್ರೂ ಹೋಗ್ಲಿ, ನಾನ್ಯಾಕೆ ತಡೀಲಿ? ಶುಕ್ರವಾರ ಮಾತ್ರ ಆಗಕ್ಕಿಲ್ಲ." ವಿಮಾನದ ದಿನ ತಿಳಿದಿದ್ದವನ ಧೈರ್ಯ ಅದು. ಅವನ ಲೆಕ್ಕದಲ್ಲಿ ವಿಮಾನವೂ ಕನಕಪುರದ ಬಸ್ಸಿನಂತೆ. ಬರುವ ಹೊತ್ತಿಗೆ ಹೋಗಿ ನಿಂತರೆ ಸಾಕು.

"ನಿಮ್ ಬಾಯಲ್ಲೇ ಬಂತು. ಆಮ್ಯಾಕೆ ಇಲ್ಲ ಅನ್ಬೇಡಿ," ಎಂದು ಶಿವಲಿಂಗಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಚಾಚಿದಳು. ಮುದ್ದೆಯಲ್ಲಿ ಒಂದೂ ಗಂಟಿರಲಿಲ್ಲ.

ಗುರುವಾರ ಸಂಜೆ ಅವಳು ರಾಗಿಹಿಟ್ಟಿನ ಚೀಲ ಹೊತ್ತು, "ಬತ್ತೀನಿ," ಅಂದಳು. ಬಾಗಿಲಲ್ಲಿ ನಿಂತು ಒಳಗೆ ಒಂದು ಸಲ ನೋಡಿದಳು. ರಾತ್ರಿ ಪಾಳಿಗೆ ಕ್ಯಾಂಟೀನಿನವರು ಕರೆಯುವುದಿತ್ತು. ಮುನಿಶಾಮಯ್ಯನ ಕಣ್ಣು ರಮ್ಯಾಳ ಮೇಲಿತ್ತು. ತಲೆಯನ್ನೂ ಎತ್ತದೆ, "ಹೂಂ," ಅಂದ.

ಶುಕ್ರವಾರ ಕೋಳಿ ಕೂಗುವ ಮೊದಲೇ ಹೊಸ್ತಿಲಿಗೆ ಅಡ್ಡ ಕೂತ. ಕೈಯಲ್ಲಿ ಹಸು ಹೊಡೆಯುವ ಕೋಲು. ಅಡಿಗೆಮನೆಯಲ್ಲಿ ಅವತ್ತು ಪೆಟ್ಟಿಗೆಯೂ ಮಾತಾಡಲಿಲ್ಲ. ಬೆಳಕು ಹರಿಯಿತು, ಬಿಸಿಲು ಬಂತು. ದಾರಿಯಲ್ಲಿ ಹೋಗುತ್ತಿದ್ದ ದೀಪು ಸೈಕಲ್ ನಿಲ್ಲಿಸಿದ.

"ಇಮಾನ ಹೊಂಟೋಯ್ತು ಮಾವ."

"ಹೋಗ್ಲಿ ಬುಡ್ಲಾ. ನನ್ ಮಗಳು ಒಳಗವ್ಳೆ." ಮುನಿಶಾಮಯ್ಯ ಮೀಸೆ ತಿರುವಿದ. ದೀಪು ಏನೋ ಹೇಳಲು ಬಾಯಿ ತೆಗೆದು, ಕೋಲು ನೋಡಿ, ಸೈಕಲ್ ತುಳಿದ.

ರಮ್ಯಾ ತಟ್ಟೆ ತಂದು ಒಂದೇ ಕೈಯಲ್ಲಿ ಮುಂದಿಟ್ಟಳು. ಮುನಿಶಾಮಯ್ಯ ಮುರಿದು ನೋಡಿದ. ಮುದ್ದೆಯ ತುಂಬ ಗಂಟು.

"ಏನವ್ವ ಇದು? ನಿಮ್ಮವ್ವ ಇನ್ನೂ ಬರ್ಲಿಲ್ವಾ?"

"ಒಸಿ ಸುಧಾರಿಸ್ಕೋಪ್ಪ. ಇನ್ನು ಮೂರು ತಿಂಗಳು ನನ್ ಕೈ ಅಡಿಗೇನೇ."

ತರಬೇತಿಯ ಹುಡುಗರಿಗೆ ಮುದ್ದೆ ಕಟ್ಟಲು ಆ ಮನೆಯಿಂದ ಶಿವಲಿಂಗಮ್ಮ ಕೊರಿಯಾಕ್ಕೆ ಹೊರಟದ್ದು ಗುರುವಾರ, ಗಂಡ ಹೇಳಿದ ಪ್ರಕಾರವೇ.